ಹಳೆಯ ಪದ್ಮಿನಿಗೆ ಮರುಜೀವ: ಸ್ವಂತ ಕೈಯೋ, ಮೆಕ್ಯಾನಿಕರ ಕೈಯೋ?

ಮುಂಬಯಿಯ ರಸ್ತೆಗಳಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ನಿರ್ಗಮಿಸಿದ್ದು 2023ರ ಅಕ್ಟೋಬರ್ ಕೊನೆಯಲ್ಲಿ. ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿದ್ದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ ಅಂದು ಇಪ್ಪತ್ತು ವರ್ಷ ತುಂಬಿತ್ತು. ಟ್ಯಾಕ್ಸಿಗಳಿಗೆ ಇಲ್ಲಿ ವಿಧಿಸಲಾಗಿದ್ದ ವಯೋಮಿತಿಯೂ ಅಷ್ಟೇ. ಖಾಸಗಿ ಕಾರುಗಳಿಗೆ ಆ ಮಿತಿ ಇಲ್ಲವಾದುದರಿಂದ, ಉಪನಗರಗಳ ಕಟ್ಟಡಗಳ ಮೂಲೆಯಲ್ಲಿ ತಾಡಪಾಲು ಹೊದ್ದುಕೊಂಡು ನಿಂತಿರುವ ಪದ್ಮಿನಿಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಒಂದು ನಮ್ಮದು. 1984ರ ಮಾದರಿಯ ಈ ಕಾರು ತೀರ್ಥರೂಪರು ಕೊಂಡದ್ದು. ಪನ್ವೇಲಿನಿಂದ ಕೊಂಕಣದ ಹಾದಿಯಾಗಿ ಊರಿಗೆ ನಮ್ಮನ್ನು ಎಷ್ಟೋ ಬೇಸಿಗೆಗಳಲ್ಲಿ ಕರೆದೊಯ್ದ ಈ ವಾಹನ ಅವರ ಕಾಲಾನಂತರ ಏಳು ಮಳೆಗಾಲಗಳನ್ನು ನಿಂತಲ್ಲಿಯೇ ಕಳೆಯಿತು. ಕಟ್ಟಡದ ಸಮಿತಿಯವರು ಜಾಗ ಖಾಲಿ ಮಾಡುವಂತೆ ಪತ್ರ ಕೊಟ್ಟಾಗ ನಮ್ಮ ಮುಂದಿದ್ದ ಹಾದಿಗಳು ಎರಡೇ. ಗುಜರಿಯವನಿಗೆ ಕೊಡುವುದು, ಇಲ್ಲವೇ ಓಡಿಸುವುದು.

ಓಡಿಸುವುದೆಂದು ನಿರ್ಧರಿಸಿದ ಕೂಡಲೇ ಎದುರಾದ ಪ್ರಶ್ನೆಯೇ ಈ ಲೇಖನದ ವಿಷಯ: ಯಾವ ಕೆಲಸವನ್ನು ನಾವೇ ಮಾಡಬಹುದು, ಯಾವುದನ್ನು ಮೆಕ್ಯಾನಿಕರಿಗೆ ಒಪ್ಪಿಸಬೇಕು? ಸುಲಭವಾದದ್ದು ನಮಗೆ, ಕಠಿಣವಾದದ್ದು ಅವರಿಗೆ ಎಂದು ನಾವೂ ಮೊದಲು ಭಾವಿಸಿದ್ದೆವು. ಅದು ತಪ್ಪೆಂದು ಒಂದು ಸಣ್ಣ ರಬ್ಬರ್ ತುಣುಕು ನಮಗೆ ಕಲಿಸಿತು. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಕಾರಿನ ವಂಶಾವಳಿ ಸ್ವಲ್ಪ. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯ ಕುರ್ಲಾ ಕಾರ್ಖಾನೆಯಲ್ಲಿ, ಇಟಲಿಯ ಫಿಯಟ್ ಕಂಪೆನಿಯ ಪರವಾನಗಿಯ ಮೇರೆಗೆ, 1964ರಿಂದ ತಯಾರಾದ ಫಿಯಟ್ 1100 ಡಿಲೈಟ್ ಎಂಬ ಕಾರೇ ಎಪ್ಪತ್ತರ ದಶಕದಲ್ಲಿ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ ಬಳಿಕ ಪ್ರೀಮಿಯರ್ ಪದ್ಮಿನಿ ಎಂದೂ ಹೆಸರು ಪಡೆಯಿತು. ಕನ್ನಡಿಗರಾದ ನಾವು ನೆನೆಯಬೇಕಾದ ಮಾತೊಂದಿದೆ. ವಾಲಚಂದರ ಈ ಸಾಹಸಕ್ಕೆ ಮುನ್ನ, 1930ರ ದಶಕದಲ್ಲಿಯೇ, ಭಾರತದಲ್ಲಿ ಕಾರು ಕಾರ್ಖಾನೆ ಆಗಬೇಕೆಂದು ಯೋಜನೆ ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಮೈಸೂರು ಸಂಸ್ಥಾನದಲ್ಲಿ ಅದನ್ನು ನೆಲೆಗೊಳಿಸುವ ಪ್ರಯತ್ನ ಬ್ರಿಟಿಷ್ ಸರಕಾರದ ಅಸಹಕಾರದಿಂದ ಕೈಗೂಡಲಿಲ್ಲ. ಕೈಗೂಡಿದ್ದರೆ ನಮ್ಮ ಕಾರು ಬೆಂಗಳೂರಿನದೇ ಆಗಿರುತ್ತಿತ್ತೋ ಏನೋ!

1089 ಸಿಸಿಯ ನಾಲ್ಕು ಸಿಲಿಂಡರುಗಳ ಎಂಜಿನ್, ಸುಮಾರು 40 ಅಶ್ವಶಕ್ತಿ, ಸ್ಟಿಯರಿಂಗಿಗೆ ತಾಗಿದಂತಿರುವ ಗೇರಿನ ಕೋಲು, ಒಂದು ಕಾರ್ಬ್ಯುರೇಟರ್, ಪಾಯಿಂಟ್‌ಗಳಿರುವ ಡಿಸ್ಟ್ರಿಬ್ಯೂಟರ್. ಕಂಪ್ಯೂಟರ್ ಎಂಬುದು ಎಲ್ಲಿಯೂ ಇಲ್ಲ. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. ನಮ್ಮಂತಹ ಕಲಾ ಪದವೀಧರರಿಗೂ ಧೈರ್ಯ ಬರುವುದು ಇದರಿಂದಲೇ.

ಬಹುಕಾಲ ನಿಂತ ಕಾರನ್ನು ಕೀಲಿ ತಿರುಗಿಸಿ ಚಾಲೂ ಮಾಡಲು ಯತ್ನಿಸುವುದು ಮೊದಲ ಪ್ರಮಾದ. ಸಿಲಿಂಡರಿನ ಒಳಗೋಡೆ ಒಣಗಿ ತುಕ್ಕು ಹಿಡಿದಿದ್ದರೆ ರಿಂಗುಗಳು ಅದನ್ನು ಗೀಚಿ ಹಾಕುತ್ತವೆ. ನಾವು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ಕಾದು, ಅನಂತರ ಎಂಜಿನ್ನನ್ನು ಕೈಯಿಂದಲೇ ತಿರುಗಿಸಿ ನೋಡಿದೆವು. ಪುಣ್ಯವಶಾತ್ ತಿರುಗಿತು. ಹಳೆಯ ಪೆಟ್ರೋಲನ್ನು ಪೂರ್ತಿ ಹೊರತೆಗೆದೆವು. ಅದರ ವಾಸನೆಯೇ ವಾರ್ನಿಷ್‌ನಂತಾಗಿತ್ತು. ಕಾರ್ಬ್ಯುರೇಟರ್ ಬಿಚ್ಚಿ ಜೆಟ್‌ಗಳನ್ನು ಶುಚಿಗೊಳಿಸುವುದು, ಪಾಯಿಂಟ್ ತಿಕ್ಕಿ ಫೀಲರ್ ಗೇಜಿನಿಂದ ಅಂತರ ಹೊಂದಿಸುವುದು, ಪ್ಲಗ್, ಫ್ಯಾನ್ ಬೆಲ್ಟ್, ನೀರಿನ ಹೋಸುಗಳ ಬದಲಾವಣೆ, ಎಂಜಿನ್ ಆಯಿಲ್ ಬದಲಾವಣೆ: ಇವೆಲ್ಲ ಭಾನುವಾರಗಳ ಕೆಲಸ. ಬಿಚ್ಚುವ ಪ್ರತಿ ಹಂತದಲ್ಲಿಯೂ ಫೋಟೋ ತೆಗೆಯಿರಿ, ತಂತಿಗಳಿಗೆ ಚೀಟಿ ಅಂಟಿಸಿ, ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಡಿ. ಕೇವಲ ಜ್ಯಾಕ್‌ನ ಆಧಾರದ ಮೇಲೆ ನಿಂತ ಕಾರಿನಡಿ ಎಂದಿಗೂ ನುಸುಳಬೇಡಿ. ಭದ್ರವಾದ ಸ್ಟ್ಯಾಂಡುಗಳು ಬೇಕೇ ಬೇಕು.

ಇಲ್ಲಿ ಇಂಧನದ ವಿಷಯ ಹೇಳಲೇಬೇಕು. ಈಗ ದೇಶದ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುವ ವಸ್ತು. ಹಳೆಯ ಕಾಲದ ರಬ್ಬರನ್ನು ಅದು ಉಬ್ಬಿಸಿ ಮೆತ್ತಗಾಗಿಸುತ್ತದೆ. ಪದ್ಮಿನಿಯ ಪೆಟ್ರೋಲ್ ಪಂಪ್ ಎಂಜಿನ್ನಿನ ಬಲದಿಂದಲೇ ನಡೆಯುವ, ಒಳಗೊಂದು ಡಯಾಫ್ರಮ್ ಇರುವ ಸಾಧನ. ಆ ಡಯಾಫ್ರಮ್ಮನ್ನೂ ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ರಬ್ಬರ್ ಹೋಸುಗಳನ್ನೂ ಎಥನಾಲ್ ತಾಳುವ ಹೊಸತರಿಂದ ಬದಲಿಸುವುದು ಇಂದು ಅನಿವಾರ್ಯ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಇನ್ನು 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ ನಿಂತುಹೋದ ಕಾರಣ, ಹಳೆಯ ಎಂಜಿನ್ನುಗಳ ವಾಲ್ವ್ ಸೀಟುಗಳು ಬೇಗ ಸವೆಯುವ ಸಂಭವವಿದೆ. ಹೆಡ್ ಹೇಗೂ ಬಿಚ್ಚುವುದಾದರೆ ಗಟ್ಟಿ ಲೋಹದ ಸೀಟುಗಳನ್ನು ಕೂರಿಸುವುದು ಲೇಸು.

ಎಂಜಿನ್ನಿಗೆ ನಿಜಕ್ಕೂ ರಿಪೇರಿ ಬೇಕೇ ಎಂಬುದನ್ನು ಗ್ಯಾರೇಜಿಗೆ ಹೋಗುವ ಮುನ್ನವೇ ತಿಳಿಯಬಹುದು. ಸೈಲೆನ್ಸರಿನ ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ, ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದರೆ ನೀರು ಒಳಸೇರುತ್ತಿದೆ. ಕಂಪ್ರೆಷನ್ ಗೇಜನ್ನು ಪ್ಲಗ್ಗಿನ ಜಾಗದಲ್ಲಿಟ್ಟು ನಾಲ್ಕೂ ಸಿಲಿಂಡರುಗಳನ್ನು ಅಳೆಯಿರಿ. ಒಂದರಲ್ಲಿ ಒತ್ತಡ ಕಡಿಮೆಯಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ದೋಷ ರಿಂಗು ಅಥವಾ ಸಿಲಿಂಡರಿನದು. ಏರದಿದ್ದರೆ ಬಹುಮಟ್ಟಿಗೆ ವಾಲ್ವಿನದು. ಈ ನಾಲ್ಕು ಅಂಕೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋದ ಗಿರಾಕಿಯೊಡನೆ ಗ್ಯಾರೇಜಿನವರು ಮಾತನಾಡುವ ಧಾಟಿಯೇ ಬೇರೆಯಾಗುತ್ತದೆ. ನಮ್ಮ ಅನುಭವವಿದು.

ಆದರೆ ಅದಾದ ಮೇಲಿನ ಕೆಲಸ ನಮ್ಮದಲ್ಲ. ಸಿಲಿಂಡರ್ ಬೋರ್ ಮಾಡಿಸಿ ಹಿಗ್ಗಿಸಿದ ಅಳತೆಯ ಪಿಸ್ಟನ್ ಕೂರಿಸುವುದು, ಕ್ರ್ಯಾಂಕ್ ಗ್ರೈಂಡಿಂಗ್, ಇವಕ್ಕೆ ಯಂತ್ರಗಳೂ ನುರಿತ ಕೈಗಳೂ ಬೇಕು. ತಗಡಿನ ಕೆಲಸವೂ ಹಾಗೆಯೇ. ಮುಂಬಯಿಯ ಉಪ್ಪುಗಾಳಿಗೆ ಈ ಕಾರುಗಳ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಬ್ಯಾಟರಿಯ ತಟ್ಟೆಯ ಅಡಿಭಾಗ ಮೊದಲು ಕೊಳೆಯುತ್ತವೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ ನೋಡಿದರೆ ಗಟ್ಟಿ ತಗಡು ಕಣಕಣ ಎನ್ನುತ್ತದೆ, ಕೊಳೆತದ್ದು ಧಬ್ ಎನ್ನುತ್ತದೆ. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದೇ ಸರಿಯಾದ ಕ್ರಮ. ಅದರ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದು ಕೊಡುವ ಟಿಂಕರಿಂಗ್‌ನವರೂ ಇದ್ದಾರೆ. ಮೊದಲು ನಾವು ಹೋದದ್ದು ಅಂತಹವರಲ್ಲಿಗೇ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪುಟ್ಟಿ ಗುಳ್ಳೆಯೆದ್ದು ಕಳಚಿತು, ಹಣ ನೀರುಪಾಲಾಯಿತು. ಒಂದು ಆಯಸ್ಕಾಂತ ಜೇಬಿನಲ್ಲಿರಲಿ. ದಪ್ಪ ಪುಟ್ಟಿಯ ಮೇಲೆ ಅದು ಹಿಡಿಯುವುದಿಲ್ಲ.

ಈಗ ಆ ರಬ್ಬರ್ ತುಣುಕಿನ ಮಾತು. ಪದ್ಮಿನಿಯ ಚಕ್ರಗಳ ಡ್ರಮ್ಮಿನೊಳಗೆ ಬ್ರೇಕಿನ ಪುಟ್ಟ ಸಿಲಿಂಡರುಗಳಿವೆ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯ ಒತ್ತಡ ಅದರೊಳಗಿನ ಪಿಸ್ಟನ್ನುಗಳನ್ನು ಹೊರಕ್ಕೆ ನೂಕಿ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ತಾಗಿಸುತ್ತದೆ. ಎಣ್ಣೆ ಸೋರದಂತೆ ತಡೆಯುವುದು ಬೆರಳ ತುದಿಯಷ್ಟಿರುವ ರಬ್ಬರಿನ ಬಟ್ಟಲು. ಅದರ ತೆಳು ಅಂಚು ಎಣ್ಣೆಯ ಕಡೆಗೇ ಮುಖಮಾಡಿರಬೇಕು. ಬದಲಿಸುವುದು ಅರ್ಧ ಗಂಟೆಯ, ನೋಡಲು ಅತಿ ಸುಲಭದ ಕೆಲಸ. ನಾವು ಬದಲಿಸಿದೆವು, ಎಣ್ಣೆಯೊಳಗಿನ ಗಾಳಿಯನ್ನೂ ತೆಗೆದೆವು, ಪೆಡಲ್ ಗಟ್ಟಿಯಾಗಿ ನಿಂತಿತು. ಮರುದಿನ ಬೆಳಿಗ್ಗೆ ಕುಟುಂಬ ಸಮೇತ ಲೋನಾವಳಾಕ್ಕೆ ಹೊರಡುವುದೆಂದು ಮಾತಾಗಿತ್ತು. ಹೊರಡುವಾಗ ಹಿಂದಿನ ಎಡ ಚಕ್ರದ ಒಳಬದಿ ಒದ್ದೆಯಾಗಿರುವುದನ್ನು ತೋರಿಸಿದವನು ಕಟ್ಟಡದ ಕಾವಲುಗಾರ. ಬಿಚ್ಚಿ ನೋಡಿದರೆ ಒಂದು ರಬ್ಬರನ್ನು ನಾವು ತಿರುಗುಮುರುಗಾಗಿ ಹಾಕಿದ್ದೆವು. ಹಳೆಯ ಕಾರುಗಳಲ್ಲಿ ಅನೇಕವುಗಳ ಬ್ರೇಕ್ ವ್ಯವಸ್ಥೆಗೆ ಒಂದೇ ಎಣ್ಣೆಮಾರ್ಗ; ಎಲ್ಲಿ ಸೋರಿದರೂ ನಾಲ್ಕು ಚಕ್ರಗಳ ಬ್ರೇಕೂ ಕೈಕೊಡುತ್ತದೆ. ಖಂಡಾಳಾ ಘಾಟಿಯ ಇಳಿಜಾರನ್ನು ನೆನೆದು ಅಂದು ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಅಂದಿನಿಂದ ನಾವು ಅಳೆಯುವ ಬಗೆ ಬದಲಾಯಿತು. ನಮ್ಮ ತಪ್ಪು ನಿಂತಲ್ಲಿಯೇ ಬಯಲಾಗುವಂತಹ ಕೆಲಸವನ್ನು, ಅದೆಷ್ಟೇ ತೊಡಕಿನದಾಗಿರಲಿ, ನಾವೇ ಮಾಡುತ್ತೇವೆ. ಕಾರ್ಬ್ಯುರೇಟರ್ ತಪ್ಪಾದರೆ ಎಂಜಿನ್ ಚಾಲೂ ಆಗದು, ಅಷ್ಟೇ. ತಪ್ಪು ರಸ್ತೆಯಲ್ಲಿ, ವೇಗದಲ್ಲಿ ಮಾತ್ರ ಬಯಲಾಗುವಂತಹ ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್ ಕೆಲಸವನ್ನು, ಅದೆಷ್ಟೇ ಸುಲಭವಾಗಿ ಕಾಣಲಿ, ಬಲ್ಲವರಿಗೇ ಒಪ್ಪಿಸುತ್ತೇವೆ.

ಆದರೆ ಬಲ್ಲವರು ಎಲ್ಲಿದ್ದಾರೆ? ಟ್ಯಾಕ್ಸಿಗಳು ಇರುವಷ್ಟು ಕಾಲ ಪದ್ಮಿನಿಯ ಮೆಕ್ಯಾನಿಕರಿಗೂ ಬಿಡಿಭಾಗಗಳಿಗೂ ಬರವಿರಲಿಲ್ಲ. ಇಂದು ನಮಗೆ ದೊರೆತವರು ಕುರ್ಲಾದ ಒಬ್ಬ ವೃದ್ಧರು. ನಾವು ಅವರನ್ನು ಚಾಚಾ ಎನ್ನುತ್ತೇವೆ. ಅವರ ಮಗ ಹೊಸ ಕಾರುಗಳನ್ನಷ್ಟೇ ಮುಟ್ಟುತ್ತಾನೆ. ಚಾಚಾ ನಮ್ಮ ಕಾರನ್ನು ಗ್ಯಾರೇಜಿಗೆ ಒಯ್ಯದೆ ಭಾನುವಾರ ನಮ್ಮಲ್ಲಿಗೇ ಬಂದು, ತಾವು ಸ್ಟೂಲಿನ ಮೇಲೆ ಕುಳಿತು, ಪಾನೆಯನ್ನು ನಮ್ಮ ಕೈಗೆ ಕೊಟ್ಟು ಮಾಡಿಸುತ್ತಾರೆ. ಬ್ರೇಕನ್ನು ಮಾತ್ರ ತಾವೇ ಮುಗಿಸುತ್ತಾರೆ. ಸ್ವಂತ ಕೈಯೋ, ಮೆಕ್ಯಾನಿಕರ ಕೈಯೋ ಎಂಬ ವಾದಕ್ಕೆ ನಾವು ಕಂಡುಕೊಂಡ ಮೂರನೆಯ ಹಾದಿಯಿದು. ದಿನದ ಕೂಲಿಯ ಜೊತೆಗೆ ಅವರ ವಿದ್ಯೆಗೂ ನಾವು ಸಂಭಾವನೆ ಕೊಡುತ್ತೇವೆ.

ಗ್ಯಾರೇಜಿಗೆ ಕೊಡುವುದೇ ಆದರೆ ಕೆಲಸದ ಪಟ್ಟಿಯನ್ನು ಬರೆಸಿಕೊಳ್ಳಿ, ಹಣವನ್ನು ಕಂತುಗಳಲ್ಲಿ ಕೊಡಿ, ಬದಲಿಸಿದ ಹಳೆಯ ಭಾಗಗಳನ್ನು ಮರಳಿ ಕೇಳಿ. ಎಂಜಿನ್ ನಂಬರು ಆರ್‌ಸಿ ಪುಸ್ತಕದೊಡನೆ ತಾಳೆಯಾಗುತ್ತಿದೆಯೇ ಎಂದು ಒಪ್ಪಿಸುವಾಗಲೂ ಪಡೆಯುವಾಗಲೂ ನೋಡಿಕೊಳ್ಳಿ. ಚಾಸಿ ನಂಬರಿನ ಮೇಲೆ ಪೇಂಟೂ ಬೆಸುಗೆಯೂ ಬೀಳದಿರಲಿ. ಬಿಡಿಭಾಗಗಳಿಗೆ ಮುಂಬಯಿಯಲ್ಲಿ ಒಪೆರಾ ಹೌಸ್ ಹಾಗೂ ಕುರ್ಲಾದ ಸಿಎಸ್‌ಟಿ ರಸ್ತೆ, ಪುಣೆಯಲ್ಲಿ ನಾನಾ ಪೇಠ್, ಚೆನ್ನೈಯಲ್ಲಿ ಪುದುಪೇಟೆ, ದೆಹಲಿಯಲ್ಲಿ ಕಾಶ್ಮೀರಿ ಗೇಟ್, ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆ, ಇವು ಹುಡುಕಬೇಕಾದ ತಾಣಗಳು.

ಇನ್ನು ಮಾರ್ಪಾಡು. ಹಳೆಯ ಕಾರಿಗೆ ಹೊಸ ಎಂಜಿನ್, ಎಸಿ, ಅಗಲ ಟೈರು ಎಂದು ಉತ್ಸಾಹಿಗಳು ಹೊರಡುವುದುಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿಯೂ ಆರ್‌ಸಿಯಲ್ಲಿ ದಾಖಲೆಯೂ ಬೇಕು. ಇದಕ್ಕಿಂತ ಮಹತ್ವದ ಅಂಶ ಇನ್ನೊಂದಿದೆ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದಂತೆ 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ಖಾಸಗಿ ವಾಹನಕ್ಕೆ ವಿಂಟೇಜ್ ನೋಂದಣಿ ದೊರೆಯುತ್ತದೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಅಂತಹ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ನಮ್ಮ ಕಾರಿಗೆ 50 ತುಂಬುವುದು 2034ರಲ್ಲಿ. ಇಂದಿನ ಶೋಕಿಗಾಗಿ ಅಂದಿನ ಅರ್ಹತೆಯನ್ನು ಕಳೆದುಕೊಳ್ಳಲು ನಾವು ಸಿದ್ಧರಿಲ್ಲ. ಆದಕಾರಣ ಮರಳಿ ತೆಗೆಯಬಹುದಾದ ಬದಲಾವಣೆಗಳಿಗಷ್ಟೇ ಕೈಹಾಕಿದ್ದೇವೆ: ಸೀಟ್ ಬೆಲ್ಟು, ಹೆಡ್‌ಲೈಟಿಗೆ ರಿಲೇ, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್. ತೆಗೆದ ಭಾಗಗಳೆಲ್ಲ ಮಂಚದಡಿ ಪೆಟ್ಟಿಗೆಯಲ್ಲಿವೆ. ಮನೆಯಾಕೆಗೆ ಇದು ಹಿತವಲ್ಲ, ನಿಜ.

ಖರ್ಚಿನ ಲೆಕ್ಕ ಇಡುವುದು ನಮ್ಮ ವೃತ್ತಿಯ ಚಾಳಿ. ಮೊದಲು ಅಂದಾಜಿಸಿದ್ದರ ದುಪ್ಪಟ್ಟು ಆಯಿತೆಂದಷ್ಟೇ ಹೇಳುತ್ತೇವೆ. ಜೊತೆಗೆ ಆರ್‌ಟಿಒ ಶುಲ್ಕ. ಖಾಸಗಿ ಕಾರಿನ ನೋಂದಣಿ 15 ವರ್ಷಗಳ ಬಳಿಕ ಐದೈದು ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ನವೀಕರಣವಾಗಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ಮೀರಿದ ಕಾರಿಗೆ 2025ರಲ್ಲಿ 10,000 ಆಯಿತು. ರಾಜ್ಯದ ಹಸಿರು ತೆರಿಗೆ ಬೇರೆ. ದೆಹಲಿಯ ಮಾತು ಮತ್ತೂ ಬೇರೆ: ಅಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಕಾರುಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು, 2025ರಲ್ಲಿ ಆ ವಿಷಯ ಮತ್ತೆ ನ್ಯಾಯಾಲಯದ ಮುಂದೆ ಬಂದಿತು. ದೆಹಲಿ ಕನ್ನಡಿಗರು ಹಳೆಯ ಕಾರಿಗೆ ಹಣ ಹಾಕುವ ಮುನ್ನ ಇತ್ತೀಚಿನ ಆದೇಶವನ್ನು ವಿಚಾರಿಸಿಕೊಳ್ಳುವುದು ಒಳಿತು.

ನಮ್ಮ ಪದ್ಮಿನಿ ತಪಾಸಣೆಯಲ್ಲಿ ತೇರ್ಗಡೆಯಾಗಿದೆ. ಸಮಿತಿಯವರ ಪತ್ರಕ್ಕೆ ಹೊಸ ಆರ್‌ಸಿಯ ಪ್ರತಿಯನ್ನು ಲಗತ್ತಿಸಿ ಉತ್ತರ ಬರೆದಿದ್ದೇವೆ. ಹಿಂಬದಿ ಗಾಜಿನ ರಬ್ಬರ್ ಬೀಡಿಂಗ್ ಮಾತ್ರ ಇನ್ನೂ ಸಿಕ್ಕಿಲ್ಲ. ಮಳೆ ಜೋರಾದರೆ ಹಿಂದಿನ ಸೀಟು ನೆನೆಯುತ್ತದೆ. ಮುಂದಿನ ಭಾನುವಾರ ಚಾಚಾರೊಡನೆ ಸಿಎಸ್‌ಟಿ ರಸ್ತೆಯ ಅಂಗಡಿಗಳನ್ನು ಇನ್ನೊಮ್ಮೆ ಸುತ್ತಬೇಕಾಗಿದೆ.