ಬಿಳಿ ಧೂಳಿನ ಬಾಕಿ: ಮೆಸೊಥೆಲಿಯೋಮಾ ಎಂದಾಗ ಯಾರನ್ನು ಕೇಳುವುದು?

2022ರ ಮಳೆಗಾಲದಲ್ಲಿ ನನ್ನ ಭಾವನವರ ಎದೆಯ ಬಲಭಾಗದಲ್ಲಿ ನೀರು ತುಂಬಿತು. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಹತ್ತಿರದ ಡಾಕ್ಟರರು ಕ್ಷಯವಿರಬಹುದೆಂದು ಮಾತ್ರೆ ಆರಂಭಿಸಿದರು. ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ಎಂದರೆ ಮೊದಲು ಕ್ಷಯದ ಸಂಶಯ ಬರುವುದು ಸಹಜವೇ. ಆದರೆ ತೆಗೆದಷ್ಟೂ ನೀರು ಮತ್ತೆ ತುಂಬುತ್ತಿತ್ತು. ಮೂರು ತಿಂಗಳ ನಂತರ ಬಯಾಪ್ಸಿ ಆಯಿತು. ರಿಪೋರ್ಟಿನಲ್ಲಿದ್ದ ಹೆಸರನ್ನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಾಲ್ಕು ಸಲ ಓದಿದೆ. ಮೆಸೊಥೆಲಿಯೋಮಾ. ಅದುವರೆಗೆ ಕೇಳಿದ ಶಬ್ದವಲ್ಲ.

ಭಾವ ಹದಿನೆಂಟರ ಹರೆಯದಲ್ಲಿ, 1972ರಲ್ಲಿ ಊರಿನಿಂದ ಮುಂಬಯಿಗೆ ಬಂದವರು. ಮೊದಲು ಬಟ್ಟೆ ಮಿಲ್ಲಿನ ಬಾಯ್ಲರ್ ಖಾತೆ. 1982ರ ಮುಷ್ಕರದ ಬಳಿಕ ಕಂತ್ರಾಟುದಾರರ ಕೈಕೆಳಗೆ ಕಾರ್ಖಾನೆಗಳ ಹಬೆಯ ಪೈಪುಗಳಿಗೆ ಹೊದಿಕೆ ಕಟ್ಟುವ ಕೆಲಸ. ಸಂಜೆ ಚಾಳಿಗೆ ಬಂದರೆ ತಲೆ, ಹುಬ್ಬು ಎಲ್ಲ ಬಿಳಿ. "ಭಾವ ಹಿಟ್ಟಿನ ಗಿರಣಿಯಿಂದ ಬಂದರು" ಎಂದು ನಾವು ಮಕ್ಕಳು ನಗುತ್ತಿದ್ದೆವು. ಆ ಅಂಗಿಗಳನ್ನು ಅಕ್ಕ ನಳ್ಳಿಯ ಬಳಿ ಕೊಡವಿ ಒಗೆಯುತ್ತಿದ್ದಳು. ನನ್ನ ಸಂಜೆ ಕಾಲೇಜಿನ ಫೀಸು ಹೋದದ್ದು ಅದೇ ಸಂಬಳದಿಂದ.

"ನಾನು ಬೀಡಿ ಮುಟ್ಟಿದವನಲ್ಲ ಮಾರಾಯ, ನನಗೆ ಯಾಕೆ ಇದು?" ಎಂದು ಭಾವ ಕೇಳಿದರು. ಉತ್ತರ ಹುಡುಕುತ್ತಾ ಕಲಿತದ್ದನ್ನು ನಮ್ಮ ಸಂಘ-ಸಂಸ್ಥೆಗಳ ಬಂಧುಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆ ಏನು?

ಶ್ವಾಸಕೋಶವನ್ನು, ಕೆಲವೊಮ್ಮೆ ಹೊಟ್ಟೆಯೊಳಗಿನ ಅಂಗಗಳನ್ನು ಸುತ್ತಿಕೊಂಡಿರುವ ತೆಳು ಪೊರೆಗೆ ಬರುವ ಕ್ಯಾನ್ಸರ್ ಇದು. ಮುಖ್ಯ ಕಾರಣ ಆಸ್ಬೆಸ್ಟಾಸ್ ಎಳೆಗಳು. ಬೀಡಿ ಸಿಗರೇಟು ಇದಕ್ಕೆ ಕಾರಣವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ದಕ್ಷಿಣ ಆಫ್ರಿಕಾದ ಆಸ್ಬೆಸ್ಟಾಸ್ ಗಣಿ ಪ್ರದೇಶದ 33 ರೋಗಿಗಳ ವಿವರವನ್ನು 1960ರಲ್ಲಿ ಡಾ. ವ್ಯಾಗ್ನರ್ ಮತ್ತು ಸಂಗಡಿಗರು ಪ್ರಕಟಿಸಿದಾಗ ಈ ನಂಟು ಜಗತ್ತಿಗೆ ಸ್ಪಷ್ಟವಾಯಿತು. ಉಸಿರಿನಲ್ಲಿ ಸೇರಿದ ಎಳೆ ರೋಗವಾಗಲು 20ರಿಂದ 50 ವರ್ಷ ಹಿಡಿಯಬಹುದು. ಹಾಗಾಗಿ ನಿವೃತ್ತಿಯಾಗಿ, ಮೊಮ್ಮಕ್ಕಳನ್ನು ಆಡಿಸುವ ಹೊತ್ತಿಗೆ ಹಳೆಯ ಬಾಕಿಯ ನೋಟೀಸು ಬಂದ ಹಾಗೆ ಇದು ಬರುತ್ತದೆ.

ಮಾಹಿತಿಯ ಗದ್ದಲ

ರಿಪೋರ್ಟು ಬಂದ ರಾತ್ರಿ ಮಗಳು ಕಂಪ್ಯೂಟರಿನಲ್ಲಿ ಹುಡುಕಿದಳು. ಮೊದಲು ಬಂದದ್ದೆಲ್ಲ ಅಮೆರಿಕದ ವಕೀಲರ ಜಾಹೀರಾತು. ಅಲ್ಲಿ ಈ ರೋಗದ ಪರಿಹಾರದ ದಾವೆಗಳು ದೊಡ್ಡ ವ್ಯವಹಾರ. ಆಸ್ಪತ್ರೆಯ ಪುಟದಂತೆ ಕಾಣುವುದನ್ನೂ ಹಲವೊಮ್ಮೆ ನಡೆಸುವುದು ವಕೀಲರ ಕಚೇರಿ. ಇತ್ತ ಸಂಬಂಧಿಕರ ಫೋನು. ಒಬ್ಬರು ಲಕ್ಷ್ಮಣಫಲ ತಿನ್ನಿಸಿ ಎಂದರು, ಇನ್ನೊಬ್ಬರು ಯಾವುದೋ ಊರಿನ ಪುಡಿ ತರಿಸುತ್ತೇನೆಂದರು. ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಲಕ್ಷ್ಮಣಫಲ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಕೀಮೋ ನಡೆಯುವಾಗ ಡಾಕ್ಟರರಿಗೆ ಹೇಳದೆ ಪುಡಿ, ಕಷಾಯ ಕೊಡುವುದು ಅಪಾಯ.

ನಾನು ಗುಮಾಸ್ತ, ಡಾಕ್ಟರನಲ್ಲ. ಆದರೆ ಚೆಕ್ಕು ಬಂದರೆ ಸಹಿ, ತಾರೀಕು, ಮೊತ್ತ ನೋಡುವುದು ಅಭ್ಯಾಸ. ಮಾಹಿತಿಗೂ ಅದನ್ನೇ ಮಾಡಿದೆ. ಬರೆದವರು ಯಾರು, ಯಾವಾಗ ಬರೆದದ್ದು, ಕೊನೆಯಲ್ಲಿ ಏನನ್ನಾದರೂ ಮಾರುತ್ತಿದ್ದಾರೆಯೇ? ಈ ಮೂರು ಪ್ರಶ್ನೆಗೆ ಮುಕ್ಕಾಲು ಪಾಲು ಬಿದ್ದುಹೋಯಿತು. ಉಳಿದದ್ದರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆ ಮತ್ತು ಮೆಸೊಥೆಲಿಯೋಮಾ ಯುಕೆ ಸಂಸ್ಥೆಗಳ ವಿವರಣೆ ಸರಳವಾಗಿದೆ. ಇಂಗ್ಲಿಷ್ ಓದುವ ಮಕ್ಕಳು ಮನೆಯವರಿಗೆ ಕನ್ನಡದಲ್ಲೋ ತುಳುವಿನಲ್ಲೋ ತಿಳಿಸಿ ಹೇಳಬಹುದು.

ಆಸ್ಪತ್ರೆಯಲ್ಲಿ

ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಿಂದ ನಡೆಯುತ್ತಿದೆ. 1962ರಿಂದ ಕೇಂದ್ರದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಅಲ್ಲಿಗೆ ಹೋಗುವಾಗ ರಿಪೋರ್ಟಿನ ಕಾಗದ ಮಾತ್ರ ಸಾಲದು. ಬಯಾಪ್ಸಿ ಮಾಡಿದ ಲ್ಯಾಬಿನಿಂದ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಒಯ್ಯಬೇಕು. ಮೆಸೊಥೆಲಿಯೋಮಾವನ್ನೂ ಶ್ವಾಸಕೋಶದ ಬೇರೆ ಕ್ಯಾನ್ಸರನ್ನೂ ಬೇರ್ಪಡಿಸಲು ಆ ತುಂಡಿನ ಮೇಲೆ ವಿಶೇಷ ಪರೀಕ್ಷೆಗಳು ಬೇಕು. ನಮಗೆ ಇದು ಗೊತ್ತಿಲ್ಲದೆ ಒಂದು ದಿನ ಬರಿದೇ ಹೋಯಿತು.

ಡಾಕ್ಟರರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಬಗೆ, ಯಾವ ಹಂತ? ಚಿಕಿತ್ಸೆಯ ಗುರಿ ಏನು? ಖರ್ಚೆಷ್ಟು? ಆಪರೇಷನ್ ಆಯ್ದ ಕೆಲವರಿಗೆ ಮಾತ್ರ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ ಆಪರೇಷನ್‌ನಿಂದ ಆಯುಷ್ಯ ಹೆಚ್ಚಲಿಲ್ಲ. ಪೆಮೆಟ್ರೆಕ್ಸೆಡ್ ಜೊತೆ ಪ್ಲಾಟಿನಂ ವರ್ಗದ ಕೀಮೋ 2004ರಿಂದ ರೂಢಿಯಲ್ಲಿದೆ. 2020ರಿಂದ ಇಮ್ಯುನೋಥೆರಪಿಯೂ ಬಂದಿದೆ, ಆದರೆ ತುಂಬ ದುಬಾರಿ. ಪೂರ್ತಿ ಗುಣವಾಗುವುದು ವಿರಳ ಎಂಬ ಸತ್ಯವನ್ನು ಡಾಕ್ಟರರು ಮೆಲ್ಲಗೆ, ಆದರೆ ನೇರವಾಗಿ ಹೇಳಿದರು. ಅದನ್ನು ಕೇಳಿದ್ದರಿಂದಲೇ ಅಕ್ಕನ ಒಡವೆ, ಊರಿನ ಜಾಗ ಮಾರುವ ಯೋಚನೆಯನ್ನು ಭಾವ ಬಿಡಿಸಿದರು.

ನೆರವು ಎಲ್ಲಿ?

ಮೊದಲು ಆಸ್ಪತ್ರೆಯ ವೈದ್ಯಕೀಯ ಸಮಾಜಸೇವಾ ವಿಭಾಗಕ್ಕೆ ಹೋಗಿ. ಸರಕಾರಿ ಯೋಜನೆ, ಟ್ರಸ್ಟುಗಳ ನೆರವು, ರೈಲಿನ ರಿಯಾಯಿತಿಯ ಕಾಗದ ಎಲ್ಲದರ ದಾರಿ ಅಲ್ಲಿ ತಿಳಿಯುತ್ತದೆ. 1951ರ ಇಂಡಿಯನ್ ಕ್ಯಾನ್ಸರ್ ಸೊಸೈಟಿ, 1969ರ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಶನ್, ಕ್ಯಾನ್ಸರ್ ಗೆದ್ದವರೇ ಮುಂದೆ ನಿಂತು ನಡೆಸುವ ವಿ ಕೇರ್ ಫೌಂಡೇಶನ್ ಈ ನಗರದಲ್ಲಿವೆ. ಊರಿನಿಂದ ಬಂದವರಿಗೆ ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆ, ಪರೇಲಿನ ನಾನಾ ಪಾಲ್ಕರ್ ಸ್ಮೃತಿ ಸಮಿತಿ ಆಸರೆ ಕೊಡುತ್ತವೆ. ಊರಿಗೆ ಮರಳಿದವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ.

ನೋವು, ಏದುಸಿರು ತಗ್ಗಿಸುವ ಉಪಶಾಮಕ ಚಿಕಿತ್ಸೆಯನ್ನು ಕೊನೆಗಾಲಕ್ಕೆಂದು ಇಟ್ಟುಕೊಳ್ಳಬೇಡಿ. ರೋಗ ತಿಳಿದ ದಿನವೇ ಕೇಳಿ. ನಾವು ಕೇಳಿದ್ದು ತಡವಾಗಿ. ಆ ಬಳಿಕವೇ ಭಾವ ರಾತ್ರಿ ಮಲಗಿ ನಿದ್ರಿಸಿದ್ದು. ಮನೆಯಲ್ಲಿ ನೋಡಿಕೊಳ್ಳಲಾಗದವರಿಗೆ ಬಾಂದ್ರಾದಲ್ಲಿ 1986ರಲ್ಲಿ ಆರಂಭವಾದ, ದೇಶದ ಮೊದಲ ಹಾಸ್ಪಿಸ್ ಶಾಂತಿ ಅವೇದನಾ ಸದನ ಇದೆ.

ಕಾಗದ ಪತ್ರ ಜೋಪಾನ

ಆಸ್ಬೆಸ್ಟಾಸ್‌ನಿಂದ ಬಂದ ಮೆಸೊಥೆಲಿಯೋಮಾ ಕಾನೂನಿನಲ್ಲಿ ಔದ್ಯೋಗಿಕ ರೋಗ. 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಅದು ಸೇರಿತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಆಸ್ಬೆಸ್ಟಾಸ್ ಉದ್ಯಮಗಳು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಅಥವಾ ಕೆಲಸ ಬಿಟ್ಟು 15 ವರ್ಷ, ಯಾವುದು ನಂತರವೋ ಅಲ್ಲಿಯವರೆಗೆ ಇಡಬೇಕೆಂದು ಆಜ್ಞೆ ಮಾಡಿತು.

ಆದರೆ ಅಲ್ಲಿ ದುಡಿದಿದ್ದೇನೆ ಎಂಬುದಕ್ಕೆ ಭಾವನವರ ಬಳಿ ಏನಿತ್ತು? ಮಿಲ್ಲು ಮುಚ್ಚಿದೆ, ಕಂತ್ರಾಟುದಾರ ತೀರಿಕೊಂಡಿದ್ದಾನೆ. ಗೇಟು ಪಾಸು, ಇಎಸ್‌ಐ ಕಾರ್ಡು ಮನೆ ಬದಲಾಯಿಸುವಾಗ ರದ್ದಿಗೆ ಹೋಗಿದ್ದವು. ಇಡೀ ಜೀವನ ಲೆಕ್ಕದ ಪುಸ್ತಕ ಬರೆದ ನನಗೂ ಅವನ್ನು ಎತ್ತಿಡಬೇಕೆಂದು ಹೊಳೆಯಲಿಲ್ಲ. ಪರಿಹಾರದ ಅರ್ಜಿ ಬರೆಯಲೂ ಆಗಲಿಲ್ಲ. ಭಾವ 2023ರಲ್ಲಿ ತೀರಿಕೊಂಡರು.

ಧೂಳಿನ ಬಟ್ಟೆ ಒಗೆದ ಹೆಂಡತಿಯರಿಗೂ ಈ ರೋಗ ಬಂದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಕ್ಕನಿಗೆ ಸದ್ಯ ಯಾವ ತೊಂದರೆಯೂ ಇಲ್ಲ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ಬನ್ನಿ, ಯಾವ ಡಾಕ್ಟರರ ಬಳಿ ಹೋದರೂ ಆ ಧೂಳಿನ ವಿಷಯ ಹೇಳಿ ಎಂದಿದ್ದಾರೆ. ಅವಳ ಫೈಲಿನ ಮೊದಲ ಹಾಳೆಯಲ್ಲಿ ಅದನ್ನು ಬರೆದಿಟ್ಟಿದ್ದೇನೆ.

ನಮ್ಮ ಸಂಘಗಳಲ್ಲಿ ಮಿಲ್ಲು, ಗೋದಿ, ರೈಲ್ವೆ ವರ್ಕ್‌ಶಾಪು, ವಿದ್ಯುತ್ ಸ್ಥಾವರಗಳಲ್ಲಿ ದುಡಿದ ಹಿರಿಯರು ಅನೇಕರಿದ್ದಾರೆ. ಮುಂದಿನ ವೈದ್ಯಕೀಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡ ನೋಡುವಾಗ "ಹಿಂದೆ ಎಲ್ಲಿ ದುಡಿದಿರಿ, ಧೂಳಿತ್ತೇ?" ಎಂಬ ಒಂದು ಪ್ರಶ್ನೆಯನ್ನೂ ಸೇರಿಸಿ ಎಂದು ಪದಾಧಿಕಾರಿಗಳಲ್ಲಿ ವಿನಂತಿ. ಹಿರಿಯರ ಹಳೆಯ ಕಾಗದಗಳನ್ನು ಈ ಭಾನುವಾರವೇ ಒಂದು ಚೀಲದಲ್ಲಿ ಹಾಕಿಡಿ. ಆಸ್ಪತ್ರೆಗೆ ಜೊತೆಗೆ ಬರಲು ಜನವಿಲ್ಲದವರು ಸಂಘದಲ್ಲಿ ಹೇಳಿದರೆ, ರಜೆ ಹಾಕಿ ಬರಲು ನಾನು ಸಿದ್ಧ.