ಕಳಿಸಿದ್ದೇವೆ ಎಂದರೆ ತಲುಪಿದೆ ಎಂದಲ್ಲ

ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಸೀಸನ್ ಶುರುವಾದರೆ ಹಾಸ್ಟೆಲ್‌ನಿಂದ ಕ್ಯಾಂಟೀನ್‌ವರೆಗೆ ಒಂದೇ ಮಾತು: ‘ಪ್ಯಾಕೇಜ್ ಎಷ್ಟು?’ ಸೀನಿಯರ್‌ಗಳ ಆಫರ್ ಲೆಟರ್ ಕೈಗೆ ಸಿಕ್ಕರೆ ನಮ್ಮ ಕಣ್ಣು ಮೊದಲು ಹೋಗುವುದು ಸಿಟಿಸಿ ಸಾಲಿಗೆ, ಆಮೇಲೆ ಬಾಂಡ್ ಇದೆಯಾ ಎನ್ನುವಲ್ಲಿಗೆ. ವೈದ್ಯಕೀಯ ವಿಮೆಯ ಸಾಲನ್ನು ಓದುವವರು ಕಡಿಮೆ. ನಿವೃತ್ತಿಯ ನಂತರ ಏನು ಎಂದು ಕೇಳಿದರಂತೂ ಎಲ್ಲರೂ ನಗುತ್ತಾರೆ. ಇಪ್ಪತ್ತರಲ್ಲಿ ಅರವತ್ತರ ಚಿಂತೆ ಯಾಕೆ ಎನ್ನುವುದು ಸಹಜವೇ. ಆದರೆ ಅರವತ್ತು ದಾಟಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರಿಗೆ ಬರುವ ಪತ್ರಗಳನ್ನು ಓದಿ ಹೇಳಬೇಕಾದವರು ನಾವು.

ಕೆಲಸದಲ್ಲಿರುವವರಿಗೆ ವಿಮೆಯ ನಿಯಮ ಬದಲಾದರೆ ನೋಟಿಸ್ ಬೋರ್ಡಿನಲ್ಲಿ ಗೊತ್ತಾಗುತ್ತದೆ, ಯೂನಿಯನ್‌ನವರು ಹೇಳುತ್ತಾರೆ, ಊಟದ ಹೊತ್ತಿನಲ್ಲಿ ಪಕ್ಕದ ಮೇಜಿನವರು ಕೇಳುತ್ತಾರೆ. ನಿವೃತ್ತರಾದ ಮರುದಿನದಿಂದ ಈ ದಾರಿಗಳೆಲ್ಲ ಮುಚ್ಚುತ್ತವೆ. ಕಚೇರಿಯ ಇ-ಮೇಲ್ ಖಾತೆ ಹೋಗುತ್ತದೆ, ಕ್ವಾರ್ಟರ್ಸ್ ಬಿಟ್ಟು ಊರಿಗೆ ಹೋದರೆ ವಿಳಾಸ ಬದಲಾಗುತ್ತದೆ. ವಿಮೆ ಹೆಚ್ಚು ಬೇಕಾಗುವ ವಯಸ್ಸಿನಲ್ಲೇ ಅದರ ಸುದ್ದಿ ಕಡಿಮೆ ತಲುಪುತ್ತದೆ.

ನನ್ನ ತಾಯಿಯ ತಂದೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಈಗ ಊರಿನಲ್ಲಿದ್ದಾರೆ. ಕಂಪನಿ ಕೊಟ್ಟ ಆಸ್ಪತ್ರೆಯ ಕಾರ್ಡನ್ನು ಪರ್ಸಿನಲ್ಲಿ ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದರು. ಕಳೆದ ವರ್ಷ ಎದೆನೋವೆಂದು ದಾಖಲಾದಾಗ ಕೌಂಟರಿನವರು ಈ ಕಾರ್ಡ್ ನಡೆಯುವುದಿಲ್ಲ ಎಂದರು. ಯೋಜನೆ ಬದಲಾಗಿತ್ತು. ಹೊಸದಕ್ಕೆ ಸೇರಲು ನಿಗದಿತ ದಿನದೊಳಗೆ ಒಪ್ಪಿಗೆ ಕೊಟ್ಟು ಪ್ರೀಮಿಯಂ ಕಟ್ಟಬೇಕಿತ್ತು. ಕಂಪನಿಗೆ ಫೋನ್ ಮಾಡಿದರೆ ‘ನಾವು ಇ-ಮೇಲ್ ಕಳಿಸಿದ್ದೇವೆ’ ಎಂಬ ಉತ್ತರ. ಅವರು ಹೇಳಿದ್ದು ನಿಜ. ಹನ್ನೊಂದು ಪುಟದ ಇಂಗ್ಲಿಷ್ ಪಿಡಿಎಫ್ ಬಂದಿತ್ತು, ಅಜ್ಜ ಎಂದೂ ತೆರೆಯದ ಇ-ಮೇಲ್ ಖಾತೆಗೆ. ಕೊನೆಯ ದಿನಾಂಕ ಇದ್ದದ್ದು ಒಂಬತ್ತನೇ ಪುಟದಲ್ಲಿ. ಅಜ್ಜ ಗುಣವಾಗಿ ಬಂದರು. ಬಿಲ್ ಕಟ್ಟಿದ್ದು ಅಜ್ಜಿಯ ಹೆಸರಿನ ಠೇವಣಿ ಮುರಿದು.

ಕಂಪ್ಯೂಟರ್ ನೆಟ್‌ವರ್ಕ್ ಓದಿದವರಿಗೆ ಇದು ಪರಿಚಿತ ಸಮಸ್ಯೆ. ಯುಡಿಪಿ ಎಂಬ ವಿಧಾನದಲ್ಲಿ ಮಾಹಿತಿಯನ್ನು ಕಳಿಸಿಬಿಟ್ಟರೆ ಆಯಿತು, ತಲುಪಿತೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಟಿಸಿಪಿ ಹಾಗಲ್ಲ. ಆ ಕಡೆಯಿಂದ ‘ಬಂತು’ ಎಂಬ ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತದೆ. ಆನ್‌ಲೈನ್ ಗೇಮಿಗೆ ಯುಡಿಪಿ ಸಾಕು, ಒಂದೆರಡು ಪ್ಯಾಕೆಟ್ ಕಳೆದುಹೋದರೂ ಆಟ ನಡೆಯುತ್ತದೆ. ಎಪ್ಪತ್ತರ ಹಿರಿಯರ ಆರೋಗ್ಯ ವಿಮೆಗೆ ಅದು ಸಾಲದು.

ಹೆಸರೇ ಬದಲಾದ ಬ್ಯಾಂಕುಗಳು

ನಮ್ಮ ರಾಜ್ಯದಲ್ಲಿ ಈ ವಿಷಯ ಹೆಚ್ಚು ತಟ್ಟುವುದು ಬ್ಯಾಂಕ್ ನಿವೃತ್ತರ ಮನೆಗಳಿಗೆ. 2015ರ ಮೇ 25ರಂದು ಬ್ಯಾಂಕ್ ನೌಕರರ 10ನೇ ದ್ವಿಪಕ್ಷೀಯ ಒಪ್ಪಂದವಾದ ಬಳಿಕ ಗುಂಪು ವೈದ್ಯಕೀಯ ವಿಮೆ ಬಂತು. ನಿವೃತ್ತರೂ ಸೇರಬಹುದು, ಆದರೆ ಪ್ರೀಮಿಯಂ ಅವರದೇ. ಅಧಿಕಾರಿಗಳಿಗೆ 4 ಲಕ್ಷ, ಉಳಿದವರಿಗೆ 3 ಲಕ್ಷ ರೂಪಾಯಿಯ ರಕ್ಷಣೆ ಎಂದು ಶುರುವಾಯಿತು. ಕೆಲವೇ ವರ್ಷಗಳಲ್ಲಿ ನಿವೃತ್ತರ ಪ್ರೀಮಿಯಂ ಹಲವು ಪಟ್ಟು ಏರಿತು. ಆಮೇಲೆ ಆಯ್ಕೆಗಳೂ ಬಂದವು: ಡೊಮಿಸಿಲಿಯರಿ ಸಹಿತ, ಡೊಮಿಸಿಲಿಯರಿ ರಹಿತ, ಮೇಲೊಂದು ಸೂಪರ್ ಟಾಪ್‌ಅಪ್. ಡೊಮಿಸಿಲಿಯರಿ ಎಂದರೆ ಇಲ್ಲಿ ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಕೆಲವು ಕಾಯಿಲೆಗಳ ಚಿಕಿತ್ಸೆಯ ವೆಚ್ಚ. ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ಮಾತ್ರೆ ಕೊಳ್ಳುವವರಿಗೆ ಈ ಒಂದು ಪದದ ಅರ್ಥ ಸಾವಿರಾರು ರೂಪಾಯಿ. ಪತ್ರದಲ್ಲಿ ಪದ ಇರುತ್ತದೆ, ಅರ್ಥ ಇರುವುದಿಲ್ಲ.

ಇದರ ನಡುವೆ ಬ್ಯಾಂಕುಗಳ ವಿಲೀನವೂ ಆಯಿತು. ಕರಾವಳಿಯಲ್ಲಿ ಹುಟ್ಟಿದ ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಜೀವನವಿಡೀ ಒಂದು ಬ್ಯಾಂಕಿನಲ್ಲಿ ದುಡಿದವರಿಗೆ ಈಗ ಸುತ್ತೋಲೆ ಬರುವುದು ಮತ್ತೊಂದರ ಲೆಟರ್‌ಹೆಡ್‌ನಲ್ಲಿ. ‘ಇದು ನನಗಲ್ಲ’ ಎಂದು ಹಿರಿಯರೊಬ್ಬರು ಬದಿಗಿಟ್ಟರೆ ತಪ್ಪು ಅವರದೆನ್ನಲಾದೀತೇ?

ಅಮೆರಿಕದ ಪಾಠ

ಈ ವಿಷಯದಲ್ಲಿ ಹೆಚ್ಚು ಜಗಳ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿ ದೊಡ್ಡ ಕಂಪನಿಗಳು ನಿವೃತ್ತರಿಗೂ ಆರೋಗ್ಯ ವಿಮೆ ಕೊಡುತ್ತಿದ್ದವು. ಮುಂದೆ ತಗಲುವ ಈ ವೆಚ್ಚವನ್ನು ಈಗಲೇ ಸಾಲವೆಂದು ಲೆಕ್ಕದಲ್ಲಿ ತೋರಿಸಬೇಕೆಂಬ ನಿಯಮ 1990ರಲ್ಲಿ ಬಂತು. ಅದಕ್ಕಾಗಿ ಜನರಲ್ ಮೋಟಾರ್ಸ್ 1992ರ ಲೆಕ್ಕದಲ್ಲಿ ತೋರಿಸಿದ ಮೊತ್ತ ಸುಮಾರು 2,080 ಕೋಟಿ ಡಾಲರ್. ಅಂಕಿ ಕಣ್ಣಿಗೆ ಬಿದ್ದ ಮೇಲೆ ಸೌಲಭ್ಯಕ್ಕೆ ಕತ್ತರಿ ಹಾಕುವುದು ಹೆಚ್ಚಾಯಿತು.

ಅದೇ ಜನರಲ್ ಮೋಟಾರ್ಸ್‌ನ ಕಿರುಪುಸ್ತಕಗಳಲ್ಲಿ ವಿಮೆ ಜೀವನಪರ್ಯಂತ ಎಂದಿತ್ತು. ಯೋಜನೆಯನ್ನು ಬದಲಿಸುವ ಹಕ್ಕು ಕಂಪನಿಗಿದೆ ಎಂಬ ಸಾಲೂ ಇತ್ತು. ನಿವೃತ್ತರು ಮೊದಲನೆಯದನ್ನು ನಂಬಿದರು, ಕಂಪನಿ ಎರಡನೆಯದನ್ನು ಬಳಸಿತು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಿತು. ಅಲ್ಲಿನ ಕಾನೂನಿನಲ್ಲಿ ಪಿಂಚಣಿಗಿರುವ ಭದ್ರತೆ ಆರೋಗ್ಯ ವಿಮೆಗಿಲ್ಲ.

ಇನ್ನೊಂದು ಪ್ರಕರಣ ಟ್ರ್ಯಾಕ್ಟರ್ ತಯಾರಿಸುವ ಮ್ಯಾಸಿ ಫರ್ಗ್ಯೂಸನ್‌ನ ಮಾತೃಸಂಸ್ಥೆ ವ್ಯಾರಿಟಿಯದು. 1986ರಲ್ಲಿ ಅದು ನಷ್ಟದ ವಿಭಾಗಗಳನ್ನು ಹೊಸ ಕಂಪನಿಯೊಂದಕ್ಕೆ ವರ್ಗಾಯಿಸಿ, ಅಲ್ಲಿಗೆ ಹೋದರೂ ನಿಮ್ಮ ಸೌಲಭ್ಯ ಭದ್ರ ಎಂದು ನೌಕರರಿಗೆ ಸಭೆ ಕರೆದು ಹೇಳಿತು. ಸುಮಾರು 1,500 ಮಂದಿ ಒಪ್ಪಿದರು. ಸುಮಾರು 4,000 ನಿವೃತ್ತರ ಹೊಣೆಯನ್ನೂ ಅವರಿಗೆ ತಿಳಿಸದೆಯೇ ಹೊಸ ಕಂಪನಿಗೆ ದಾಟಿಸಲಾಯಿತು. ಆ ಕಂಪನಿ ಹುಟ್ಟಿದ ದಿನವೇ ದಿವಾಳಿಯ ಸ್ಥಿತಿಯಲ್ಲಿತ್ತು, ಎರಡೇ ವರ್ಷದಲ್ಲಿ ಮುಳುಗಿತು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸೌಲಭ್ಯದ ಬಗ್ಗೆ ಹೀಗೆ ದಾರಿತಪ್ಪಿಸುವುದು ನಂಬಿಕೆದ್ರೋಹ ಎಂದು ನೌಕರರ ಪರ ನಿಂತಿತು. ಸೌಲಭ್ಯ ಬದಲಿಸಲು ಕಂಪನಿಗೆ ಅವಕಾಶ ಇರಬಹುದು, ಸುಳ್ಳು ಹೇಳಲು ಇಲ್ಲ.

ಅಲ್ಲಿನ 1974ರ ಕಾನೂನಿನ ಪ್ರಕಾರ ಯೋಜನೆಯ ವಿವರಣೆ ಸಾಮಾನ್ಯ ಸದಸ್ಯನಿಗೆ ಅರ್ಥವಾಗುವಂತಿರಬೇಕು. ಆರೋಗ್ಯ ಸೌಲಭ್ಯದಲ್ಲಿ ದೊಡ್ಡ ಕಡಿತವಾದರೆ, ತೀರ್ಮಾನವಾದ 60 ದಿನಗಳೊಳಗೆ ತಿಳಿಸಬೇಕೆಂಬುದು ಸಾಮಾನ್ಯ ನಿಯಮ. ಇಂಗ್ಲಿಷ್ ಓದಲಾರದ, ಒಂದೇ ಭಾಷೆಯ ಸದಸ್ಯರು ನಿಗದಿತ ಸಂಖ್ಯೆಗಿಂತ ಹೆಚ್ಚಿದ್ದರೆ, ನೆರವು ಎಲ್ಲಿ ಸಿಗುತ್ತದೆ ಎಂದು ಅವರ ಭಾಷೆಯಲ್ಲೇ ಹೇಳಬೇಕು.

ನಮ್ಮಲ್ಲೂ ದಾರಿ ಇದೆ

ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜನವರಿ 1ರಿಂದ ಆರೋಗ್ಯ ಪಾಲಿಸಿಗಳ ಮಾಹಿತಿ ಪತ್ರಕ್ಕೆ ಸರಳವಾದ ಹೊಸ ಮಾದರಿ ತಂದಿದೆ. ಪಾಲಿಸಿದಾರ ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು, ತಲುಪಿದ್ದಕ್ಕೆ ಸ್ವೀಕೃತಿ ಪಡೆಯಬೇಕು. ನಾನು ಹೇಳಿದ ಟಿಸಿಪಿ ಇದೇ! ಕಂಪನಿಗಳು ನಿವೃತ್ತರಿಗೆ ಬರೆಯುವ ಪತ್ರಕ್ಕೂ ಇದೇ ಅಳತೆ ಇರಲಿ. ಮೊದಲ ಪುಟದಲ್ಲೇ ನಾಲ್ಕು ಉತ್ತರ ಸಿಗಬೇಕು: ಏನು ಬದಲಾಯಿತು, ನನಗೆ ಎಷ್ಟು ಖರ್ಚು, ಯಾವ ದಿನದೊಳಗೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು. ಉತ್ತರ ಬಾರದವರಿಗೆ ಇನ್ನೊಮ್ಮೆ ಪತ್ರ, ಆಮೇಲೆ ಒಂದು ಕರೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುತ್ತಾರಲ್ಲ, ಆಗಲೇ ಫೋನ್ ನಂಬರನ್ನೂ ವಿಳಾಸವನ್ನೂ ಸರಿಪಡಿಸಿಕೊಳ್ಳಬಹುದು.

ಯಾರೂ ತಿಳಿಸದೆ ಕೈತಪ್ಪುವ ಸೌಲಭ್ಯಗಳೂ ಇವೆ. ಇಎಸ್‌ಐ ವ್ಯಾಪ್ತಿಯಲ್ಲಿ ಕನಿಷ್ಠ ಐದು ವರ್ಷ ಇದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿ, ತಮಗೂ ಬಾಳಸಂಗಾತಿಗೂ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ದುಡಿದ ಅಪ್ಪ ಅಮ್ಮ ಇರುವವರು ಇಂದೇ ವಿಚಾರಿಸಿ.

ಗೆಳೆಯರೇ, ಈ ವಾರ ಎರಡು ಕೆಲಸ ಮಾಡೋಣ. ಮನೆಯ ಹಿರಿಯರ ವಿಮಾ ಕಾಗದ ತೆಗೆದು, ಅದು ಯಾವ ದಿನದವರೆಗೆ ನಡೆಯುತ್ತದೆ, ಅದರಲ್ಲಿ ಯಾರ ಫೋನ್ ನಂಬರ್ ಇದೆ ಎಂದು ನೋಡೋಣ. ಇನ್ನೊಂದು, ಆಫರ್ ಲೆಟರ್ ಬಂದಾಗ ‘ಬದಲಿಸುವ ಹಕ್ಕನ್ನು ಕಂಪನಿ ಕಾಯ್ದಿರಿಸಿಕೊಂಡಿದೆ’ ಎಂಬ ಸಾಲನ್ನು ಹುಡುಕಿ, ಬದಲಾದರೆ ಹೇಗೆ ತಿಳಿಸುತ್ತೀರಿ ಎಂದು ಎಚ್‌ಆರ್‌ಗೆ ಕೇಳೋಣ. ನಾಳೆ ನಮ್ಮಲ್ಲೇ ಕೆಲವರು ಎಚ್‌ಆರ್ ಆಗುತ್ತೇವೆ, ಕೆಲವರು ಆ ನೋಟಿಸ್ ಕಳಿಸುವ ಸಾಫ್ಟ್‌ವೇರ್ ಬರೆಯುತ್ತೇವೆ. ಆಗ ‘ಕಳಿಸು’ ಎಂಬ ಗುಂಡಿಯ ಪಕ್ಕದಲ್ಲೇ ‘ತಲುಪಿತೇ’ ಎಂಬ ಕಾಲಮ್ಮನ್ನೂ ಸೇರಿಸಲು ನಮಗೆ ಯಾರ ಅಡ್ಡಿಯೂ ಇರುವುದಿಲ್ಲ.