ಬೂದಿಗುಂಡಿಗಳ ದ್ರಾಕ್ಷಿ ಸೀಮೆ: ಲಾನ್ಸರೋಟೆಯ ಲಾ ಹೆರಿಯಾ

1730ರ ಸೆಪ್ಟೆಂಬರ್ 1. ರಾತ್ರಿ ಒಂಬತ್ತು ದಾಟಿ ಹತ್ತಾಗುವುದರೊಳಗೆ ಲಾನ್ಸರೋಟೆ ದ್ವೀಪದ ನೆಲ ಬಾಯಿ ಬಿಟ್ಟಿತು. ಆ ಹೊತ್ತನ್ನು ಬರೆದಿಟ್ಟವರು ಯಾಯ್ಸಾ ಊರಿನ ಪಾದ್ರಿ ಆಂದ್ರೆಸ್ ಲೊರೆನ್ಸೊ ಕುರ್ಬೆಲೊ. ಅಂದು ಎದ್ದ ಬೆಂಕಿ ತಣ್ಣಗಾದದ್ದು 1736ರಲ್ಲಿ. ಅಷ್ಟರಲ್ಲಿ ದ್ವೀಪದ ಕಾಲು ಭಾಗದಷ್ಟು ನೆಲ ಲಾವಾದಡಿ ಸೇರಿತ್ತು. ದವಸ ಬೆಳೆಯುತ್ತಿದ್ದ ಹೊಲಗಳೂ ಹಳ್ಳಿಗಳೂ ಹೂತುಹೋಗಿದ್ದವು. ಲಾವಾ ಮುಟ್ಟದ ಕಡೆಯಲ್ಲೂ ಜ್ವಾಲಾಮುಖಿಯ ಕರಿಹರಳು ಸುರಿದು ದಪ್ಪಗೆ ಕೂತಿತ್ತು.

ಆ ಹರಳಿನ ನಡುವೆಯೇ ಇಂದು ಲಾ ಹೆರಿಯಾ ಎಂಬ ದ್ರಾಕ್ಷಿ ಸೀಮೆ ಇದೆ. ಲಾನ್ಸರೋಟೆ ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಒಂದು. ಆದರೆ ಹತ್ತಿರದ ಭೂಖಂಡ ಆಫ್ರಿಕ. ಅದರ ಕರಾವಳಿಗೆ ಇರುವುದು ಸುಮಾರು 125 ಕಿ.ಮೀ. ದೂರ ಅಷ್ಟೆ. ವರ್ಷಕ್ಕೆ ಬೀಳುವ ಮಳೆ ಸುಮಾರು 150 ಮಿ.ಮೀ. ಬರಕ್ಕೆ ಹೆಸರಾದ ನಮ್ಮ ಚಳ್ಳಕೆರೆಯಲ್ಲೂ ವಾಡಿಕೆಯ ಮಳೆ ಇದರ ಎರಡು ಪಟ್ಟಿಗಿಂತ ಹೆಚ್ಚು. ದ್ವೀಪದಲ್ಲಿ ಹರಿಯುವ ನದಿಯಿಲ್ಲ. ಇಷ್ಟಾಗಿಯೂ ಬಳ್ಳಿ ಹಸಿರಾಗಿರುತ್ತದೆ.

ಬೆಳೆ ಕಳೆದುಕೊಂಡ ರೈತರು ಕಂಡುಕೊಂಡ ಸಂಗತಿಯೇ ಇದಕ್ಕೆ ಕಾರಣ. ಪಿಕೋನ್ ಎಂದು ಅವರು ಕರೆಯುವ ಈ ಕರಿಹರಳಿನ ತುಂಬ ಸಣ್ಣ ಸಣ್ಣ ರಂಧ್ರಗಳು. ಮಳೆ ಬಿದ್ದರೆ ಒಂದು ಹನಿಯೂ ಹರಿದುಹೋಗದೆ ಕೆಳಗಿನ ಹಳೆಯ ಮಣ್ಣಿಗೆ ಇಳಿಯುತ್ತದೆ. ಕಡಲ ಗಾಳಿ ಹೊತ್ತು ತರುವ ಇರುಳಿನ ತೇವವನ್ನೂ ಹರಳು ಹಿಡಿದುಕೊಳ್ಳುತ್ತದೆ. ಹಗಲಿನ ಬಿಸಿಲಿಗೆ ಮಣ್ಣು ಆರದಂತೆ ಅದೇ ತಡೆಯುತ್ತದೆ. ತೆಂಗಿನ ಬುಡಕ್ಕೆ ಗರಿ ಹೊದಿಸಿ ತೇವ ಕಾಯುವ ನಮ್ಮ ರೈತರಿಗೆ ಈ ತರ್ಕ ಹೊಸದಲ್ಲ. ಇಲ್ಲಿ ಹೊದಿಸಿದ್ದು ಜ್ವಾಲಾಮುಖಿ.

ಆದರೆ ಬೇರು ಮಣ್ಣನ್ನು ಮುಟ್ಟಬೇಕಲ್ಲ? ಅದಕ್ಕಾಗಿ ಹರಳನ್ನು ಬಗೆದು ಬಾಣಲೆಯಾಕಾರದ ಗುಂಡಿ ತೋಡುತ್ತಾರೆ. ಕೆಲವು ಗುಂಡಿಗಳ ಆಳ ಮೂರು ಮೀಟರ್ ತಲುಪುತ್ತದೆ. ಸಾಮಾನ್ಯವಾಗಿ ಗುಂಡಿಗೊಂದೇ ಬಳ್ಳಿ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಕ್ಕೆ ಅಡ್ಡವಾಗಿ, ಗಾರೆಯಿಲ್ಲದೆ ಲಾವಾ ಕಲ್ಲು ಪೇರಿಸಿದ ಅರ್ಧಚಂದ್ರಾಕಾರದ ಮೋಟುಗೋಡೆ. ದಿಬ್ಬದ ಮೇಲೆ ನಿಂತರೆ ಇಂಥ ಸಾವಿರಾರು ಗುಂಡಿಗಳು ತಿಮನ್‌ಫಾಯ ಬೆಟ್ಟಸಾಲಿನ ಕಡೆಗೆ ಹಬ್ಬಿಕೊಂಡಿರುವುದು ಕಾಣುತ್ತದೆ.

ಇಲ್ಲಿನ ಮುಖ್ಯ ತಳಿ ಮಾಲ್ವಸಿಯಾ ವೊಲ್ಕಾನಿಕಾ ಎಂಬ ಬಿಳಿ ದ್ರಾಕ್ಷಿ. ಇದರಿಂದ ಇಳಿಸಿದ ಸಿಹಿಯಿಲ್ಲದ ಬಿಳಿ ವೈನ್‌ನಲ್ಲಿ ನಿಂಬೆಜಾತಿಯ ಹಣ್ಣಿನ ಹುಳಿ, ಬಿಳಿ ಹೂವಿನ ಕಂಪು, ನಾಲಿಗೆಯ ಕೊನೆಗೆ ತೆಳುವಾದ ಉಪ್ಪಿನ ಛಾಯೆ ಇರುತ್ತದೆ. ಕೆಂಪು ವೈನ್‌ಗೆ ಲಿಸ್ತಾನ್ ನೆಗ್ರೊ ತಳಿಯಿದೆ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ತೋಟಗಳನ್ನು ಬರಿದು ಮಾಡಿದಾಗ ಅದು ಈ ದ್ವೀಪಕ್ಕೆ ಕಾಲಿಡಲಿಲ್ಲ. ಅಲ್ಲಿಯ ರೈತರು ಅಮೆರಿಕದ ಬೇರುಸಸಿಗೆ ಕಸಿ ಕಟ್ಟಿ ಬದುಕಿಕೊಂಡರು; ಲಾ ಹೆರಿಯಾದ ಬಳ್ಳಿಗಳು ಸ್ವಂತ ಬೇರಿನ ಮೇಲೆಯೇ ನಿಂತವು. 1775ರಲ್ಲಿ ಆರಂಭವಾದ ಎಲ್ ಗ್ರೀಫೊ, ಕ್ಯಾನರಿ ದ್ವೀಪಗಳಲ್ಲೇ ಅತಿ ಹಳೆಯ ವೈನರಿ, ಇಂದಿಗೂ ನಡೆಯುತ್ತಿದೆ. 1993ರಲ್ಲಿ ಲಾನ್ಸರೋಟೆ ವೈನ್‌ಗೆ ಮೂಲಸ್ಥಾನದ ಅಧಿಕೃತ ಮಾನ್ಯತೆ ದೊರೆಯಿತು. ಅದೇ ವರ್ಷ ಯುನೆಸ್ಕೊ ಇಡೀ ದ್ವೀಪವನ್ನು ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿತು.

ನೀರು ಕಡಿಮೆ ಬೇಡುವ ಈ ಬೇಸಾಯ ದುಡಿಮೆಯನ್ನು ಮಾತ್ರ ವಿಪರೀತ ಬೇಡುತ್ತದೆ. ಗುಂಡಿಗಳ ನಡುವೆ ಟ್ರ್ಯಾಕ್ಟರ್ ಓಡದು. ಹಿಂದೆ ಹೊರೆ ಹೊರುತ್ತಿದ್ದದ್ದು ಒಂಟೆ. ಬಳ್ಳಿ ಸವರುವ ಚಾಟ್ನಿ, ಕಳೆ, ಕಟಾವು ಎಲ್ಲವೂ ಕೈಯಿಂದಲೇ ಆಗಬೇಕು. ಗಾಳಿ ತಳ್ಳಿದ ಹರಳನ್ನು ಗುಂಡಿಯಿಂದ ಎತ್ತಬೇಕು, ಜಾರಿದ ಕಲ್ಲನ್ನು ಗೋಡೆಗೆ ಮರಳಿ ಕೂರಿಸಬೇಕು. ಬೇರೆಡೆ ಹೆಕ್ಟೇರಿಗೆ ಸಾವಿರಾರು ಬಳ್ಳಿ ನಾಟಿದರೆ ಇಲ್ಲಿ ಕೆಲವು ನೂರು ಮಾತ್ರ. ಕಟಾವು ಜುಲೈಯಲ್ಲೇ ಶುರು, ಯುರೋಪಿನಲ್ಲೇ ಬಹು ಮುಂಚೆ. ಇಳುವರಿ ಅಲ್ಪ, ಬರ ಬಂದ ವರ್ಷ ಇನ್ನೂ ಅಲ್ಪ.

ದ್ವೀಪದ ಇಂದಿನ ಆದಾಯ ಪ್ರವಾಸೋದ್ಯಮದ್ದು. ಹೋಟೆಲಿನ ಕೆಲಸ ಕೈಗೆಟುಕುವಾಗ ಬಿಸಿಲಲ್ಲಿ ಗುಂಡಿ ಬಗೆಯಲು ಎಳೆಯರು ಒಪ್ಪುವುದಿಲ್ಲವೆಂದರೆ ಅವರನ್ನು ದೂರಲಾಗದು. ಆದರೆ ಕೈಬಿಟ್ಟ ಗುಂಡಿ ಹಾಗೆಯೇ ಉಳಿಯುವುದಿಲ್ಲ. ಹರಳು ಕುಸಿದು ತುಂಬಿಕೊಳ್ಳುತ್ತದೆ. ಪ್ರವಾಸಿಗರು ನೋಡಲು ಬರುವ ನೋಟವೇ ಅಲ್ಲಿಗೆ ಮುಗಿದಂತೆ. ಈ ಬೇಸಾಯ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2025ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಸಾಲಿಗೆ ಸೇರಿಸಿದೆ. ಆ ಗೌರವ ಸಲ್ಲಬೇಕಾದ್ದೇ. ಆದರೆ ಮನ್ನಣೆಯೊಂದರಿಂದಲೇ ಗೋಡೆ ನಿಲ್ಲದು.

ಸುಸ್ಥಿರ ವೈನ್ ಎಂದಾಗ ನೀರು, ಗೊಬ್ಬರ, ಔಷಧಿ ಸಿಂಪಡಣೆಗಳ ಲೆಕ್ಕ ಕೇಳುತ್ತೇವೆ. ದುಡಿಯುವವರಿಗೆ ಸಿಗುವ ಪಾಲನ್ನೂ ಅದೇ ಗಟ್ಟಿ ದನಿಯಲ್ಲಿ ಕೇಳಬೇಕೆಂಬುದು ಲಾ ಹೆರಿಯಾ ಕಲಿಸುವ ಪಾಠ. ಇಲ್ಲಿನ ಬಾಟಲಿ ಅಗ್ಗವಲ್ಲ, ಆಗಲೂ ಬಾರದು. ಸಲಿಕೆ ಹಿಡಿದವರ ಕೂಲಿ ಆ ಬೆಲೆಯೊಳಗೆ ಸೇರಿದ್ದರೆ ಮಾತ್ರ ಮುಂದಿನ ತಲೆಮಾರಿನವರೂ ಈ ಗುಂಡಿಗಳಿಗೆ ಇಳಿದಾರು.